ಮರದ ಬುಡಕ್ಕೆ ಸುರಿದ ಪಾನಕ

ರಾಮನವಮಿಯ ದಿನ ಶಂಕರಪುರಂನಲ್ಲಿ ಯಾರೂ ಬಾಯಾರಿ ನಡೆಯುವಂತಿಲ್ಲ. ಹತ್ತು ಹೆಜ್ಜೆಗೊಬ್ಬರು ಅಡ್ಡ ನಿಂತು ಕೈಗೆ ಲೋಟ ತುರುಕುತ್ತಾರೆ. ಈ ವರ್ಷ ಅಮ್ಮನ ಹೊಲಿಗೆ ಯಂತ್ರಕ್ಕೆ ಬೆಲ್ಟು ತರಲೆಂದು ತ್ಯಾಗರಾಜನಗರದಿಂದ ಚಾಮರಾಜಪೇಟೆಗೆ ಹೊರಟಿದ್ದ ನನ್ನನ್ನೂ ಹೀಗೇ ಒಬ್ಬರು ತಡೆದರು. ಬೆಲ್ಲ, ಮೆಣಸು, ಏಲಕ್ಕಿ, ಒಣಶುಂಠಿಯ ವಾಸನೆ ಮೂಗಿಗೆ ಬಡಿಯಿತು. ಪಾನಕ ಕಂಡರೆ ಮಿಕ್ಕವರ ಹೊಟ್ಟೆ ತಣ್ಣಗಾಗುತ್ತದೆ. ನನ್ನ ಬಲಗಾಲು ಅಲ್ಲಾಡಲು ಶುರುವಾಗುತ್ತದೆ. ಕಾಲು ಅಲ್ಲಾಡಿಸುವುದು ನನ್ನ ಹುಟ್ಟುಗುಣ ಎನ್ನುತ್ತಾಳೆ ಅಮ್ಮ. ಇರಬಹುದು. ಆದರೆ ಪಾನಕಕ್ಕೂ ಅದಕ್ಕೂ ಗಂಟು ಬಿದ್ದದ್ದು ಮೂರು ವರ್ಷದ ಹಿಂದಿನ ಬೇಸಿಗೆಯಲ್ಲಿ.

ಆಗ ನಾನು ಬಿ.ಎ. ಮುಗಿಸಿ, ಎರಡು ಸಲ ಸರ್ಕಾರಿ ಪರೀಕ್ಷೆ ಬರೆದು, ಎರಡು ಸಲವೂ ಸರ್ಕಾರಕ್ಕೆ ನನ್ನ ಅಗತ್ಯವಿಲ್ಲವೆಂದು ಖಚಿತಪಡಿಸಿಕೊಂಡಿದ್ದೆ. ನನಗೆ ಬರುತ್ತಿದ್ದ ಒಂದೇ ವಿದ್ಯೆ ಮಿಮಿಕ್ರಿ. ಅಪ್ಪ ಸೀನುವ ಮೊದಲು ಒಮ್ಮೆ ದೇವರ ಹೆಸರು ಹೇಳಿಕೊಳ್ಳುವುದು, ಕಲಾಸಿಪಾಳ್ಯದ ಕಂಡಕ್ಟರು ಏಳೂರಿನ ಹೆಸರನ್ನು ಒಂದೇ ಉಸಿರಿಗೆ ಕೂಗುವುದು, ಮಹಡಿ ಮನೆಯ ಆಂಟಿ ಫೋನಿನಲ್ಲಿ ಮಗಳಿಗೊಂದು ಸೊಸೆಗೊಂದು ದನಿ ಇಟ್ಟುಕೊಂಡಿರುವುದು, ಎಲ್ಲವೂ ನನ್ನ ಗಂಟಲಲ್ಲಿತ್ತು. ಇದಕ್ಕೆಲ್ಲ ಸಂಬಳ ಕೊಡುವವರು ಸಿಗಲಿಲ್ಲ. ಅದಕ್ಕೇ ಒಂದು ವೈದ್ಯಕೀಯ ಕಾಲೇಜಿನವರು ಬೇಸಿಗೆಯ ಸರ್ವೆಗೆ ಹುಡುಗರು ಬೇಕೆಂದಾಗ ಹೋಗಿ ಸೇರಿಕೊಂಡೆ.

ಕೆಲಸ ಸುಲಭ. ಚಾಮರಾಜಪೇಟೆ, ಶಂಕರಪುರಂ ಬೀದಿಗಳಲ್ಲಿ ವಾಸ ಮಾಡುವವರನ್ನೂ ದುಡಿಯುವವರನ್ನೂ ಹಿಡಿದು ಎಷ್ಟು ಓದಿದ್ದೀರಿ, ಎಷ್ಟು ಸಂಪಾದನೆ, ಉಪ್ಪೆಷ್ಟು, ನಿದ್ದೆಯೆಷ್ಟು ಎಂದು ಕೇಳಿ ಫಾರಂ ತುಂಬಿಸುವುದು ನನ್ನ ಪಾಲು. ಬಿ.ಪಿ. ನೋಡುವುದು ಸರೋಜಾ ಸಿಸ್ಟರ್ ಪಾಲು. ಓದಿಗೂ ವರಮಾನಕ್ಕೂ ಹೃದಯಕ್ಕೂ ಏನು ಸಂಬಂಧ ಎಂದು ಕಂಡುಹಿಡಿಯುವುದು ಮೇಲಿನವರ ಪಾಲು. ಸರ್ವೆಯ ಮುಖ್ಯಸ್ಥರನ್ನು ನಾವೆಲ್ಲ ದೊಡ್ಡ ಡಾಕ್ಟರು ಎನ್ನುತ್ತಿದ್ದೆವು. ಮೂಗಿನಲ್ಲಿ ಮಾತಾಡುವ, ಪ್ರತಿ ವಾಕ್ಯವನ್ನೂ "ನೋಡೀ" ಎಂದು ಶುರುಮಾಡುವ ಮನುಷ್ಯ. ತರಬೇತಿಯ ದಿನವೇ ಅವರು ಸತ್ಯ ಹೇಳಿಬಿಟ್ಟರು: "ನೋಡೀ, ಬಡವರಿಗೆ, ಓದದೇ ಇರೋರಿಗೆ ರಿಸ್ಕ್ ಜಾಸ್ತಿ. ಯಾಕೆ? ಅವೇರ್ನೆಸ್ ಇಲ್ಲ." ಊಟದ ಬಿಡುವಿನಲ್ಲಿ ನಾನು ಅದನ್ನೇ ಅವರ ಮೂಗಿನಿಂದ ಹೇಳಿ ತೋರಿಸಿದೆ. ಹುಡುಗರು ಮೊಸರನ್ನದ ಡಬ್ಬಿ ಹಿಡಿದು ನಕ್ಕರು. ಸಿಸ್ಟರ್ ನಗಲಿಲ್ಲ. "ಬಾ ಇಲ್ಲಿ, ಮೊದ್ಲು ನಿಂದೇ ನೋಡೋಣ" ಎಂದು ತೋಳಿಗೆ ಪಟ್ಟಿ ಸುತ್ತಿದರು. ಬಿ.ಪಿ. ನೋಡುವ ಮುಂಚೆ ಐದು ನಿಮಿಷ ಕಾಲು ಅಲ್ಲಾಡಿಸದೆ, ಮಾತಾಡದೆ ಕೂರಬೇಕು. ನಾನು ಒಂದೂವರೆ ನಿಮಿಷಕ್ಕೇ ಕಂಡಕ್ಟರನಾಗಿದ್ದೆ. ನೂರ ನಲವತ್ತೆರಡು ಬಂತು. "ಮಷೀನು ಕೆಟ್ಟಿದೆ ಸಿಸ್ಟರ್" ಎಂದೆ. "ಮಷೀನು ಸುಮ್ನೆ ಕೂತಿದೆ. ನೀನೇ ಕೂತಿಲ್ಲ" ಎಂದರು.

ಶಂಕರಪುರಂನ ಒಂದು ಅಡ್ಡರಸ್ತೆಯ ಮೂಲೆಯಲ್ಲಿ ಸತ್ಯನಾರಾಯಣ ರಾವ್ ಅವರ ಮನೆ. ನಿವೃತ್ತ ಎಂಜಿನಿಯರು. ನಮ್ಮ ಮಷೀನನ್ನು ಹೊರಗೇ ಇಡಲು ಹೇಳಿದರು. ತಮ್ಮ ಹತ್ತಿರ ಇದಕ್ಕಿಂತ ಒಳ್ಳೆಯದಿದೆಯಂತೆ.

"ಏನಯ್ಯಾ, ಏನ್ ಓದಿದೀಯಾ?"

"ಬಿ.ಎ. ಸಾರ್."

"ಹಾಗಾದ್ರೆ ಗ್ರಾಫ್ ಅರ್ಥ ಆಗಲ್ಲ. ಆದ್ರೂ ತೋರಿಸ್ತೀನಿ."

ಬೆಳಗಿನ ಬಿ.ಪಿ.ಗೆ ನೀಲಿ ಶಾಯಿ, ಸಂಜೆಯದಕ್ಕೆ ಕೆಂಪು. ನಾಲ್ಕು ಫೈಲು. ಷೇರುಪೇಟೆಯಲ್ಲೂ ಅಷ್ಟು ಏರಿಳಿತ ಇರಲಿಕ್ಕಿಲ್ಲ. ಮಾತ್ರೆಯ ಹಾಳೆ ಎತ್ತಿ ತೋರಿಸಿದರು. "ಇದು ನೀರಿನ ಮಾತ್ರೆ. ಮೈಯಲ್ಲಿರೋ ಹೆಚ್ಚಿನ ನೀರು, ಉಪ್ಪು ಎಲ್ಲಾ ಹೊರಗೆ ಹಾಕುತ್ತೆ. ಬೆಳಗ್ಗೆ ತಗೊಂಡ್ರೆ ಮಧ್ಯಾಹ್ನದ ತನಕ ಓಡ್ತಾನೇ ಇರ್ಬೇಕು. ಅದಕ್ಕೇ ಈ ರೂಮಿಗೇ ಒಂದು ಬಾತ್‌ರೂಮ್ ಮಾಡಿಸಿಕೊಂಡೆ." ಆ ಮನೆಯಲ್ಲಿ ಇಬ್ಬರೇ ಇದ್ದದ್ದು, ಬಾತ್‌ರೂಮು ಮೂರು.

ಅವರ ಹೆಂಡತಿ ಶಾರದಮ್ಮ ಮಹಡಿಯಿಂದ ಇಳಿದು ಬಂದರು. ಮೊಣಕೈವರೆಗೆ ಸಂಡಿಗೆ ಹಿಟ್ಟು.

"ಉಪ್ಪಿನಕಾಯಿ ದಿನಾ ತಿಂತೀರಾ ಅಮ್ಮಾ?"

"ದಿನಾ ಎಲ್ಲಪ್ಪಾ! ಬೆಳಗ್ಗೆ ಒಂಚೂರು, ಮಧ್ಯಾಹ್ನ ಒಂಚೂರು, ರಾತ್ರಿ ಮೊಸರನ್ನಕ್ಕೆ ಒಂಚೂರು."

ಫಾರಂನಲ್ಲಿ ಅವರಿಗೆ ಅವೇರ್ನೆಸ್ ಇದೆ ಎಂದು ಗುರುತು ಹಾಕಿ ಹೊರಬಂದೆ.

ಅದೇ ಮನೆಯ ಕಾಂಪೌಂಡ್ ಗೋಡೆಗೆ ಒರಗಿ, ಹೊಂಗೆ ಮರದ ಕೆಳಗೆ, ಗೋಣಿಚೀಲ ಹಾಸಿಕೊಂಡು ಸೊಪ್ಪು ಮಾರುತ್ತಿದ್ದವರು ಚಿಕ್ಕತಾಯಮ್ಮ. ಐವತ್ತೈದರ ಆಸುಪಾಸು. ಚಾಮರಾಜಪೇಟೆಯ ಓಣಿಯೊಂದರಲ್ಲಿ ಮಗಳ ಜೊತೆ ವಾಸ. ಬೆಳಗಿನ ನಾಲ್ಕಕ್ಕೆ ಮನೆ ಬಿಟ್ಟು ಕಲಾಸಿಪಾಳ್ಯದಲ್ಲಿ ಸೊಪ್ಪು ಕೊಂಡು, ಆರಕ್ಕೆಲ್ಲ ಇಲ್ಲಿ ಕೂತರೆ ಏಳುವುದು ಮಧ್ಯಾಹ್ನ ಒಂದು ಗಂಟೆಗೆ. ಹದಿನೆಂಟು ವರ್ಷದಿಂದ ಇದೇ ಗೋಡೆ. ನಾನು ಫಾರಂ ತೆಗೆದೆ.

"ಓದು?"

"ಓದಿದ್ರೆ ಇಲ್ ಕೂತು ನಿಂಗೆ ಉತ್ರ ಹೇಳ್ತಿದ್ನಾ? ನಾನೇ ಪ್ರಶ್ನೆ ಕೇಳ್ತಿರ್ಲಿಲ್ವಾ?"

"ಸಂಪಾದನೆ?"

"ಯಾವ ದಿನದ್ದು? ಮಳೆ ಬಂದ ದಿನದ್ದಾ, ಹಬ್ಬದ ದಿನದ್ದಾ?"

"ದಿನಾ ವಾಕಿಂಗ್ ಮಾಡ್ತೀರಾ?"

"ಕಲಾಸಿಪಾಳ್ಯದಿಂದ ತಲೆ ಮೇಲೆ ಮಂಕರಿ ಹೊತ್ಕೊಂಡ್ ಬರ್ತೀನಿ. ಅದನ್ನ ಏನಂತ ಬರ್ಕೋತೀಯೋ ಬರ್ಕೊ."

ಫಾರಂ ಪ್ರಕಾರ ದುಡಿಮೆಯ ನಡಿಗೆ ವಾಕಿಂಗ್ ಅಲ್ಲ. 'ಇಲ್ಲ' ಎಂದು ಬರೆದುಕೊಂಡೆ. ಸಿಸ್ಟರ್ ಬಿ.ಪಿ. ನೋಡಿದರು. ಮತ್ತೆ ನೋಡಿದರು. ನೂರ ಎಂಬತ್ತೆಂಟು, ನೂರ ಹನ್ನೆರಡು. ಅವರ ಮುಖ ಬದಲಾಯಿತು.

"ಗೊತ್ತು ಬಿಡಮ್ಮ" ಎಂದರು ಚಿಕ್ಕತಾಯಮ್ಮ. ಸೊಂಟದ ಸಂಚಿಯಿಂದ ಮಾತ್ರೆಯ ಹಾಳೆ ತೆಗೆದರು. ರಾಯರದ್ದೇ ಮಾತ್ರೆ. ಅದೇ ಬಣ್ಣ. ವ್ಯತ್ಯಾಸವೆಂದರೆ ರಾಯರ ಹಾಳೆಯಲ್ಲಿ ಗುಳಿಗಳು ಖಾಲಿಯಾಗಿದ್ದವು, ಇಲ್ಲಿ ತುಂಬಿದ್ದವು.

"ಮರ್ತೋಗುತ್ತಾ?" ಎಂದೆ.

ಒಂದು ಕ್ಷಣ ನನ್ನನ್ನೇ ನೋಡಿ, "ಹ್ಞೂಂ, ಮರ್ತೋಗುತ್ತೆ ಅಂತ ಬರ್ಕೊ" ಎಂದರು. ಬರೆದುಕೊಂಡೆ. ಎಷ್ಟು ಕಟ್ಟು ದಂಟು, ಎಷ್ಟು ಕಟ್ಟು ಮೆಂತ್ಯ ಎಂದು ಇಡೀ ಬೀದಿಯ ಲೆಕ್ಕ ಬಾಯಲ್ಲಿಟ್ಟುಕೊಂಡವರಿಗೆ ಮರೆವು ಎಂದು ಗುರುತು ಹಾಕುವಾಗ ನನ್ನ ಬಿ.ಎ. ಒಂದಿಷ್ಟೂ ಅಡ್ಡ ಬರಲಿಲ್ಲ.

ಬಿ.ಪಿ. ಹೆಚ್ಚಿದ್ದವರನ್ನು ಆಗಾಗ ಹೋಗಿ ನೋಡಬೇಕಿತ್ತು. ಹಾಗಾಗಿ ವಾರಕ್ಕೊಮ್ಮೆ ಆ ಗೋಡೆಯ ಬಳಿ ನಮ್ಮ ಹಾಜರಿ. ಸಿಸ್ಟರ್ ಪಟ್ಟಿ ಸುತ್ತುವಷ್ಟರಲ್ಲಿ ನಾನು ರಾಯರು ಕೆಮ್ಮಿ ಗೇಟು ತೆಗೆಯುವುದನ್ನು ಮಾಡಿ ತೋರಿಸುತ್ತಿದ್ದೆ. ಚಿಕ್ಕತಾಯಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಎಲ್ಲಕ್ಕಿಂತ ಇಷ್ಟವಾಗಿದ್ದು ದೊಡ್ಡ ಡಾಕ್ಟರು. "ಆ ಮೂಗಿನೋರ್ನ ಮಾಡು" ಎನ್ನುತ್ತಿದ್ದರು. "ನೋಡೀಮ್ಮಾ, ನಿಮಗೆ ಅವೇರ್ನೆಸ್ ಇಲ್ಲ" ಎಂದರೆ ಪಕ್ಕದ ಹೂವಿನವರೂ ಬಂದು ಕೇಳುತ್ತಿದ್ದರು. ಸರ್ವೆಯವರು ನನಗೂ ಒಂದು ಬಿಳಿ ಕೋಟು ಕೊಟ್ಟಿದ್ದರು. ಅದನ್ನು ನೋಡಿ ಚಿಕ್ಕತಾಯಮ್ಮ ನನ್ನನ್ನು "ಡಾಕ್ಟ್ರೇ" ಎಂದರು. ಡಾಕ್ಟರಲ್ಲ ಎಂದು ಒಂದು ಸಲ ಹೇಳಿದೆ, ಮೆಲ್ಲಗೆ. ಎರಡನೇ ಸಲ ಹೇಳಲಿಲ್ಲ. ಸರ್ಕಾರವೇ ಬೇಡವೆಂದವನಿಗೆ ಆ ಬಿಳಿ ಕೋಟು ಬಹಳ ಹಿತವಾಗಿತ್ತು.

ರಾಮನವಮಿ ಬಂತು. ಶಾರದಮ್ಮನವರು ಗೇಟಿನ ಮುಂದೆ ಮೇಜು ಹಾಕಿ ಪಾನಕ, ನೀರುಮಜ್ಜಿಗೆ, ಕೋಸಂಬರಿ ಹಂಚುತ್ತಿದ್ದರು. ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವಂಥ ಬಿಸಿಲು. ಮೊದಲ ಲೋಟ ಗೋಡೆಯಾಚೆಯ ಚಿಕ್ಕತಾಯಮ್ಮನಿಗೇ ಹೋಗುವುದು ವಾಡಿಕೆಯಂತೆ. ಶಾರದಮ್ಮ ತಾವೇ ತಂದುಕೊಟ್ಟರು. ಚಿಕ್ಕತಾಯಮ್ಮ ಎರಡೂ ಕೈಯಲ್ಲಿ ತಗೊಂಡು ಕಣ್ಣಿಗೊತ್ತಿಕೊಂಡರು. ಶಾರದಮ್ಮ ತಿರುಗಿದ್ದೇ ತಡ, ತುಟಿಗೆ ಒಂದು ಹನಿ ಮುಟ್ಟಿಸಿ ಉಳಿದದ್ದನ್ನು ಹೊಂಗೆ ಮರದ ಬುಡಕ್ಕೆ ಸುರಿದುಬಿಟ್ಟರು.

ನಾನು ನೋಡಿದೆ. ಇಂಥದ್ದು ಸಿಕ್ಕರೆ ಬಿಡುವವನಲ್ಲ. "ಏನಮ್ಮಾ, ಮರಕ್ಕೂ ಶುಗರ್ ಬರಿಸೋ ಯೋಚನೇನಾ? ರಾಯರ ಮನೆ ಪಾನಕ ಅಷ್ಟು ಕೆಟ್ಟದಾಗಿದೆಯಾ?"

"ಶ್! ಮೆಲ್ಲಗೆ." ಗೇಟಿನ ಕಡೆ ನೋಡಿದರು. "ಚೆನ್ನಾಗೇ ಇರುತ್ತೆ ಕಣಪ್ಪಾ. ಕುಡುದ್ರೆ ಆಮೇಲೆ ಎಲ್ಲಿಗ್ ಹೋಗ್ಲಿ?"

"ಎಲ್ಲಿಗೆ ಅಂದ್ರೆ?"

"ಅಯ್ಯೋ, ಡಾಕ್ಟ್ರಾಗಿ ಇಷ್ಟೂ ಗೊತ್ತಾಗಲ್ವಾ? ಗಂಡಸ್ರು ಯಾವ್ ಗೋಡೆ ಕಂಡ್ರೂ ನಿಂತ್ಕೋತೀರಾ. ನಾನ್ ಎಲ್ಲಿಗ್ ಹೋಗ್ಲಿ? ಮನೆ ಬಿಟ್ಟಾಗಿಂದ ಮನೆ ಸೇರೋ ತನಕ ಒಂದ್ ಗುಟುಕು ನೀರ್ ಕುಡಿಯಲ್ಲ ನಾನು. ಇನ್ನು ಆ ಮಾತ್ರೆ ನುಂಗುದ್ರೆ, ಗಂಟೆಗ್ ಮೂರ್ ಸಲ. ಅದಕ್ಕೇ ಅಮಾವಾಸ್ಯೆ ದಿನ ವ್ಯಾಪಾರ ಇರಲ್ವಲ್ಲಾ, ಆವತ್ತು ತಗೋತೀನಿ."

"ರಾಯರ ಮನೇಲಿ ಕೇಳಬಾರ್ದಾ?"

"ಕೇಳುದ್ರೆ 'ಈವಮ್ಮ ಯಾಕೋ ಗೇಟೊಳಗೇ ಬಂದ್ಲು' ಅಂತ ಗೋಡೆನೂ ಬಿಡುಸ್ಬಿಟ್ರೆ? ಜಾಗ ಹೋದ್ರೆ ಬಿ.ಪಿ. ಇಟ್ಕೊಂಡ್ ಏನ್ ಮಾಡ್ಲಿ?"

ಇಲ್ಲಿ ನಾನು ಗಂಭೀರನಾಗಬೇಕಿತ್ತು. ನನಗೆ ಮುಜುಗರವಾಯಿತು, ಮುಜುಗರವಾದಾಗಲೆಲ್ಲ ನನ್ನೊಳಗಿಂದ ಬೇರೆ ಯಾರೋ ಮಾತಾಡಿಬಿಡುತ್ತಾರೆ. ಮೂಗು ಹಿಡಿದು, "ನೋಡೀಮ್ಮಾ, ಅಷ್ಟೊಂದು ತೊಂದರೆ ಆದರೆ ಮಾತ್ರೆ ನಿಲ್ಲಿಸಿಬಿಡಿ. ಏನೂ ಆಗಲ್ಲ" ಎಂದೆ. ಅವರು ನಕ್ಕರು. ನಾನೂ ನಕ್ಕೆ. ಕೋಸಂಬರಿ ತಿಂದು ಹೊರಟೆ.

ಮೂರು ವಾರ ಕಳೆದ ಮೇಲೆ ನೋಡಿದರೆ ಚಿಕ್ಕತಾಯಮ್ಮನ ಸಂಚಿಯಲ್ಲಿ ಮಾತ್ರೆಯೇ ಇರಲಿಲ್ಲ.

"ನೀನೇ ಹೇಳುದ್ಯಲ್ಲಾ, ನಿಲ್ಸಿ ಅಂತ. ಅಮಾವಾಸ್ಯೆದೂ ಬಿಟ್ಟೆ. ಆ ಹೂವಿನ ಲಕ್ಷ್ಮಿಗೂ ಹೇಳ್ದೆ, ದೊಡ್ ಡಾಕ್ಟ್ರು ಹಿಂಗೇ ಹೇಳ್ತಾರಂತೆ ಅಂತ."

ಫಾರಂ ಕೆಳಗಿಟ್ಟೆ. "ಅಮ್ಮಾ, ಅದು ತಮಾಷೆಗೆ ಹೇಳಿದ್ದು. ನಾನು ಡಾಕ್ಟರ್ ಅಲ್ಲ. ಬಿ.ಎ. ಓದಿರೋನು. ಮಾತ್ರೆ ತಗೊಳ್ಳಲೇಬೇಕು."

"ಸುಮ್ನಿರೋ, ಆಟ ಆಡ್ಬೇಡ. ಆವತ್ ಅವರ ತರಾನೇ ಹೇಳ್ದೆ, ಈಗ ನಿನ್ ತರ ಹೇಳ್ತಿದೀಯಾ. ಯಾವ್ದನ್ನ ನಂಬ್ಲಿ?"

ಬೇರೆ ದಾರಿ ಕಾಣದೆ ಮೂಗು ಹಿಡಿದೆ. "ನೋಡೀಮ್ಮಾ, ಮಾತ್ರೆ ತಗೋಬೇಕು." ಅವರು ತಲೆ ಅಲ್ಲಾಡಿಸಿದರು. "ಇವತ್ ಸರಿಯಾಗ್ ಬರ್ಲಿಲ್ಲ ಬಿಡು."

ಅಂದಿನಿಂದ ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಸಿಸ್ಟರ್‌ಗೆ ಹೇಳಿದೆ; ಬೈದರು, ತಾವೇ ಹೋಗಿ ವಿವರಿಸಿದರು, ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಆಸ್ಪತ್ರೆಯಲ್ಲಿ ಚೀಟಿ ನೋಡುವ ಹೊತ್ತೂ ಸೊಪ್ಪು ಮಾರುವ ಹೊತ್ತೂ ಒಂದೇ. ಚೀಟಿ ಸಂಚಿಯಲ್ಲೇ ಉಳಿಯಿತು. ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಸೈಕಲ್ಲಿನಲ್ಲಿ ಆ ರಸ್ತೆಗೆ ಹೋಗಿ ದೂರದಿಂದ ಮಂಕರಿ ಕಂಡರೆ ಮರಳುತ್ತಿದ್ದೆ. ಮನೆಯಲ್ಲಿ ಯಾರ ದನಿಯನ್ನೂ ಮಾಡಲಿಲ್ಲ. ಅಪ್ಪ ಎರಡು ಸಲ ಸೀನಿ ಕಾದು ನೋಡಿದರು, ಆಮೇಲೆ "ಇವನಿಗೇನಾದ್ರೂ ಜ್ವರಾನಾ?" ಎಂದು ಅಮ್ಮನನ್ನು ಕೇಳಿದರು.

ಮೇ ತಿಂಗಳ ಒಂದು ಬೆಳಿಗ್ಗೆ ಮಂಕರಿ ಇತ್ತು, ಅದರ ಹಿಂದೆ ಯಾರೂ ಇರಲಿಲ್ಲ. ಹತ್ತಿರ ಹೋದಾಗ ಕಂಡರು. ಗೋಡೆಗೆ ವಾಲಿಕೊಂಡು, ಎಡಗೈಯಲ್ಲಿ ಕೊತ್ತಂಬರಿ ಕಟ್ಟನ್ನು ಎತ್ತಲು ನೋಡುತ್ತಿದ್ದರು. ಕಟ್ಟು ಕೈಗೆ ಬರುತ್ತಿರಲಿಲ್ಲ. ಬಾಯಿ ಒಂದು ಕಡೆಗೆ ಜಾರಿತ್ತು. ಹೂವಿನ ಲಕ್ಷ್ಮಿ ಕೂಗಿದ್ದಕ್ಕೆ ರಾಯರು ತಮ್ಮ ಮಷೀನು ಹಿಡಿದು ಓಡಿಬಂದರು. ಇನ್ನೂರ ಹತ್ತು. ನಾನು ಸಿಸ್ಟರ್‌ಗೆ ಫೋನ್ ಮಾಡಿ ಆಟೋ ನಿಲ್ಲಿಸಿದೆ. ಶಾರದಮ್ಮ ಚಿಕ್ಕತಾಯಮ್ಮನ ತಲೆ ಹಿಡಿದುಕೊಂಡಿದ್ದರು.

ರಾಯರು ಮಷೀನಿನ ಪಟ್ಟಿ ಬಿಚ್ಚಿದರು. "ಮಾತ್ರೆ ಇಟ್ಕೊಂಡು ತಗೊಳ್ಳಲ್ಲ ಅಂದ್ರೆ ಏನ್ ಹೇಳೋದು? ಓದಿಲ್ಲದಿದ್ರೆ ಇದೇ ಕಷ್ಟ. ಅವೇರ್ನೆಸ್ ಇಲ್ಲ."

ಆಗ ನಾನು ಮಾತಾಡಿದೆ. ಯಾರ ದನಿಯಲ್ಲಿ ಎಂದು ಯೋಚಿಸಲು ಪುರುಸೊತ್ತಿರಲಿಲ್ಲ. "ಸಾರ್, ಅವರಿಗೆ ಎಲ್ಲಾ ಗೊತ್ತು. ಆ ಮಾತ್ರೆ ತಗೊಂಡ್ರೆ ಏನಾಗುತ್ತೆ ಅಂತ ನೀವೇ ನನಗೆ ಹೇಳಿದ್ರಿ. ನಿಮಗೆ ಹೋಗೋಕೆ ಐದು ಹೆಜ್ಜೆ. ಅವರಿಗೆ ಜಾಗಾನೇ ಇಲ್ಲ. ನಿಮ್ಮ ಪಾನಕಾನೂ ಅದಕ್ಕೇ ಕುಡಿಯಲ್ಲ, ಮರಕ್ಕೆ ಸುರೀತಾರೆ. ಮತ್ತೆ ಮಾತ್ರೆ ನಿಲ್ಲಿಸಿ ಅಂದಿದ್ದು ನಾನು. ಬಿ.ಎ. ಓದಿರೋನು."

ಆಟೋ ಹೊರಟಿತು. ರಾಯರು ಮಷೀನು ಹಿಡಿದು ನಿಂತೇ ಇದ್ದರು. "ಒಂದು ಮಾತು ಕೇಳಿದ್ರೆ ಬೇಡ ಅಂತಿದ್ವಾ?" ಎಂದರು, ಯಾರಿಗೋ.

"ಹದಿನೆಂಟು ವರ್ಷ ಪಾನಕ ಕೊಟ್ವಿ" ಎಂದರು ಶಾರದಮ್ಮ. "ಕುಡೀತಾಳಾ ಅಂತ ಒಂದ್ಸಲ ತಿರುಗಿ ನೋಡಿದ್ವಾ?"

ಆ ಮನೆಯ ಹಿತ್ತಲಲ್ಲಿ ಹಿಂದೆಂದೋ ಕೆಲಸದವರಿಗಾಗಿ ಕಟ್ಟಿಸಿದ್ದ ಪಾಯಖಾನೆಯೊಂದಿತ್ತು. ಬೀಗ ಹಾಕಿ, ಒಳಗೆ ಹಳೆಯ ಬಣ್ಣದ ಡಬ್ಬಿ, ರದ್ದಿ ಪೇಪರು ತುಂಬಿದ್ದರು. ಆ ಸಂಜೆಯೇ ಶಾರದಮ್ಮ ಅದನ್ನು ಖಾಲಿ ಮಾಡಿಸಿದರು. ನಾನೂ ಡಬ್ಬಿ ಹೊತ್ತೆ. ರಾಯರು ಹಿತ್ತಲ ಗೇಟಿಗೆ ಎಣ್ಣೆ ಬಿಟ್ಟು, ಕಿರುಗುಟ್ಟುತ್ತದೆಯೇ ಎಂದು ಹತ್ತು ಸಲ ತೆಗೆದು ಹಾಕಿ ನೋಡಿದರು.

ದೊಡ್ಡ ಡಾಕ್ಟರ ಮುಂದೆ ನಿಂತು ಎಲ್ಲವನ್ನೂ ಒಪ್ಪಿಕೊಂಡೆ. ಅವರ ದನಿಯನ್ನು ಕದ್ದದ್ದನ್ನೂ. ಅವರು ಬೈಯುತ್ತಾರೆಂದು ಕಾಯುತ್ತಿದ್ದೆ. ಬಹಳ ಹೊತ್ತು ಫಾರಂ ತಿರುವಿ ಹಾಕಿ, "ಇದಕ್ಕೆ ಕಾಲಮ್ಮೇ ಇಲ್ಲ, ಅಲ್ವಾ?" ಎಂದರು. "ಹೇಳಿದ್ರೆ ಮಾತ್ರೆಯನ್ನಾದ್ರೂ ಬದಲಾಯಿಸಬಹುದಿತ್ತು. ಆದರೆ ನೀರು? ನೀರು ಕುಡೀಲೇಬೇಕಲ್ಲ." ಮೂಗಿನ ದನಿಯೇ. ಆದರೆ ಆ ಮಾತನ್ನು ಅವರಂತೆ ಹೇಳಲು ನನಗೆ ಇವತ್ತಿಗೂ ಬರುವುದಿಲ್ಲ.

ಮೊದಲ ಮಳೆಯ ಹೊತ್ತಿಗೆ ಚಿಕ್ಕತಾಯಮ್ಮ ಗೋಡೆಗೆ ಮರಳಿದರು. ಬಾಯಿ ನೇರವಾಗಿತ್ತು. ಎಡಗೈಯ ಎರಡು ಬೆರಳು ಮಾತ್ರ ಮಡಚುತ್ತಿರಲಿಲ್ಲ. ಬಾಳೆನಾರಿನ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಸೊಪ್ಪಿನ ಕಟ್ಟು ಕಟ್ಟುತ್ತಿದ್ದರು. ಬೇರೆ ಮಾತ್ರೆಯ ಜೊತೆ ನೀರಿನ ಮಾತ್ರೆಯೂ ಸ್ವಲ್ಪ ಇತ್ತು. ಪಕ್ಕದಲ್ಲಿ ಒಂದು ನೀರಿನ ಬಾಟಲಿ. ಸಿಸ್ಟರ್ ಪಟ್ಟಿ ಸುತ್ತಿದಾಗ ನೂರ ನಲವತ್ತು. "ನಿನಗಿಂತ ಎರಡು ಕಡಿಮೆ" ಎಂದು ಸಿಸ್ಟರ್ ನನ್ನ ಕಡೆ ನೋಡಿದರು. ನಾನು ಚಿಕ್ಕತಾಯಮ್ಮನ ಮುಂದೆ ಕೂತು ಕ್ಷಮೆ ಕೇಳಿದೆ. ಅವರು ನನ್ನ ಬಿಳಿ ಕೋಟಿನ ತುದಿ ಹಿಡಿದು, "ಇದನ್ನ ವಾಪಸ್ ಕೊಟ್ಬಿಡು ಮಗಾ. ನಿಂಗೆ ಸರಿಹೋಗಲ್ಲ" ಎಂದರು. ಸರ್ವೆ ಮುಗಿದಿತ್ತು. ಕೊಟ್ಟುಬಿಟ್ಟೆ.

ಈಗ ಒಂದು ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಆ ರಸ್ತೆಗೆ ಹೋಗಿ ವರ್ಷದ ಮೇಲಾಗಿತ್ತು. ಈ ರಾಮನವಮಿಯ ದಿನ ಕೈಯಲ್ಲಿ ಅರ್ಧ ಕುಡಿದ ಪಾನಕದ ಲೋಟ ಹಿಡಿದೇ ತಿರುವು ದಾಟಿದೆ. ಮನೆ ಇರಲಿಲ್ಲ. ಗೋಡೆಯೂ ಇರಲಿಲ್ಲ. ತಗಡಿನ ಬೇಲಿ, ಅದರ ಮೇಲೆ ಹಸಿರು ಪರದೆ. ರಾಯರು ಮಾರಿಬಿಟ್ಟು ಬೇರೆ ಬಡಾವಣೆಗೆ ಹೋದರಂತೆ. ಹೊಂಗೆ ಮರ ಇತ್ತು. ಅದರ ಕೆಳಗೆ ಗೋಣಿಚೀಲ, ಮಂಕರಿ, ಹಲ್ಲಲ್ಲಿ ಬಾಳೆನಾರು ಕಚ್ಚಿಕೊಂಡು ಚಿಕ್ಕತಾಯಮ್ಮ. ನೀರಿನ ಬಾಟಲಿ ಕಾಣಲಿಲ್ಲ.

ಎದುರಿನ ಮನೆಯವರು ಮೇಜು ಹಾಕಿ ಹಂಚುತ್ತಿದ್ದರು. ಆ ಮನೆಯ ಹೆಂಗಸು ಒಂದು ಲೋಟ ತಂದು ಕೊಟ್ಟರು. ಚಿಕ್ಕತಾಯಮ್ಮ ಕಣ್ಣಿಗೊತ್ತಿಕೊಂಡರು. ನನ್ನ ಕಾಲು ಅಲ್ಲಾಡತೊಡಗಿತು. ಕುಡಿಯಲಿ, ಕುಡಿಯಲಿ ಎಂದುಕೊಂಡೆ. ಹೆಂಗಸು ತಿರುಗಿದರು. ತುಟಿಗೆ ಒಂದು ಹನಿ. ಉಳಿದದ್ದು ಮರದ ಬುಡಕ್ಕೆ.

ತಲೆ ಎತ್ತಿದವರು ನನ್ನನ್ನು ಕಂಡರು. ಗುರುತು ಹಿಡಿಯಲು ಅರೆಕ್ಷಣ ಬೇಕಾಯಿತು. ಆಮೇಲೆ, ಕಾಲು ಅಲ್ಲಾಡಿಸುತ್ತ, ತಲೆ ಕೆರೆದುಕೊಳ್ಳುತ್ತ, ನನ್ನದೇ ಅವಸರದ ದನಿಯಲ್ಲಿ ಹೇಳಿದರು: "ಏನಮ್ಮಾ, ಮರಕ್ಕೂ ಶುಗರ್ ಬರಿಸೋ ಯೋಚನೇನಾ?"

ಎಷ್ಟು ಸರಿಯಾಗಿ ಬಂದಿತ್ತೆಂದರೆ ನನಗೆ ನಗಲೂ ಆಗಲಿಲ್ಲ. "ಮಾತ್ರೆ?" ಎಂದೆ. ಅವರು ಮಂಕರಿಯ ಕಡೆಗೆ ನೋಡಿ, "ಅಮಾವಾಸ್ಯೆ ಬರ್ಲಿ" ಎಂದರು.

ಅಷ್ಟರಲ್ಲಿ ಎದುರು ಮನೆಯವರ ಮೇಜು ಒಳಗೆ ಹೋಗಿತ್ತು, ಗೇಟು ಮುಚ್ಚಿತ್ತು. ಹೊಸ ಮನೆ, ಎರಡು ಮಹಡಿ. ಪಕ್ಕದಲ್ಲಿ ಓಣಿ, ಓಣಿಯ ಕೊನೆಗೆ ರಾಯರ ಹಿತ್ತಲಲ್ಲಿದ್ದಂಥದೇ ಚಿಕ್ಕ ಬಾಗಿಲು. ಲೋಟವನ್ನು ಚಿಕ್ಕತಾಯಮ್ಮನ ಮಂಕರಿಯ ಪಕ್ಕದಲ್ಲಿಟ್ಟು ರಸ್ತೆ ದಾಟಿದೆ. ಬಿಳಿ ಕೋಟಿರಲಿಲ್ಲ, ಕೊರಳಲ್ಲಿ ಸರ್ವೆಯ ಗುರುತಿನ ಬಿಲ್ಲೆಯಿರಲಿಲ್ಲ, ಕೈಯಲ್ಲಿ ಫಾರಂ ಇರಲಿಲ್ಲ. ರಾಯರ ಕೆಮ್ಮು, ಡಾಕ್ಟರ ಮೂಗು ಎಲ್ಲ ಗಂಟಲ ತನಕ ಬಂದು ತಾವಾಗಿಯೇ ಇಳಿದುಹೋದವು. ಗಂಟೆ ಒತ್ತಿದೆ. ಕಾಲು ನಿಂತಿತ್ತು.

"ಯಾರು?" ಎಂದಿತು ಒಳಗಿನಿಂದ ಒಂದು ದನಿ.

"ನಾನಮ್ಮಾ" ಎಂದೆ. "ಒಂದು ವಿಷಯ ಕೇಳೋದಿತ್ತು."